ನೂರೆಂಟು ತಪ್ಪಿನ ಹದಿನಾಲ್ಕು ಸಂಪುಟ

ಮಡಿಕೇರಿಯಿಂದ ಈಗಷ್ಟೇ ಮನೆ ಸೇರಿದೆ. ಸಿಟ್ಟು ಇಳಿದಿಲ್ಲ. ನಾಳೆಗೆ ಇಟ್ಟರೆ ಮಾತು ತಣ್ಣಗಾಗುತ್ತದೆ, ಅದಕ್ಕೇ ಈಗಲೇ ಬರೆಯುತ್ತಿದ್ದೇನೆ.

ಒಂದು ಪುಸ್ತಕ ಕಾರ್ಯಕ್ರಮಕ್ಕೆ ಹೋಗಿದ್ದೆ. ಭಾಷಣಗಳು ಮುಗಿದ ಮೇಲೆ, ಊಟಕ್ಕೆ ಏಳುವ ಮುಂಚೆ, ಕಾಲೇಜು ಮಕ್ಕಳ ಕೈಗೆ ಮೈಕ್ ಕೊಟ್ಟು "ಈಗ ಯಾವ ಪುಸ್ತಕ ಓದ್ತಾ ಇದ್ದೀರಿ?" ಎಂದು ಕೇಳಿದರು. ಒಳ್ಳೆಯ ಪ್ರಶ್ನೆ. ಒಂದಿಬ್ಬರು ಇಂಥ ಸಭೆಯಲ್ಲಿ ಹೇಳಬೇಕಾದ ಹೆಸರುಗಳನ್ನು ಹೇಳಿ ಕೂತರು. ಆಮೇಲೆ ಎದ್ದ ಹುಡುಗ 'ದಿ ವೀಲ್ ಆಫ್ ಟೈಮ್' ಅಂದ. ಹದಿನಾಲ್ಕು ಸಂಪುಟಗಳ ಇಂಗ್ಲಿಷ್ ಫ್ಯಾಂಟಸಿ ಕಾದಂಬರಿ ಸರಣಿ ಅದು. "ಆರನೇ ಸಂಪುಟದಲ್ಲಿದ್ದೇನೆ" ಅನ್ನುವಾಗ ಅವನ ಮುಖ ನೀವು ನೋಡಬೇಕಿತ್ತು. ವೇದಿಕೆಯ ಮೇಲಿದ್ದ ಹಿರಿಯರೊಬ್ಬರು, "ಎಂತ ಇದೆ ಅದರಲ್ಲಿ?" ಎಂದು ಕೇಳಿದರು. ಹುಡುಗ ಬಾಯಿ ತೆರೆದ. ಸಭೆಯನ್ನೊಮ್ಮೆ ನೋಡಿದ. "ಏನಿಲ್ಲ ಸಾರ್, ಸುಮ್ಮನೆ ಟೈಂಪಾಸ್" ಅಂದ. ಎಲ್ಲರೂ ನಕ್ಕರು, ಅವನೂ ನಕ್ಕ, ಮೈಕ್ ಮುಂದಕ್ಕೆ ಹೋಯಿತು.

ಆರನೆಯ ಸಂಪುಟಕ್ಕೆ ಬಂದವನು ಸಾವಿರಾರು ಪುಟ ದಾಟಿ ಬಂದಿರುತ್ತಾನೆ. ಟೈಂಪಾಸಿಗೆ ಯಾರೂ ಅಷ್ಟು ದೂರ ನಡೆಯುವುದಿಲ್ಲ. ಪಕ್ಕದಲ್ಲಿದ್ದ ಗೆಳತಿ, ಯಾರೂ ಅವನನ್ನು ನೋಯಿಸಬೇಕೆಂದು ನಕ್ಕಿಲ್ಲ ಬಿಡು ಅಂದಳು. ಇಲ್ಲ, ಒಪ್ಪುತ್ತೇನೆ. ಆದರೆ ತಾನು ಪ್ರೀತಿಸುವ ಪುಸ್ತಕವನ್ನು ನಾಲ್ಕು ಜನರೆದುರು ತಾನೇ ಕೆಳಗೆ ಹಾಕಿ ಕೂರುವುದನ್ನು ಅವನು ಇವತ್ತು ಕಲಿತ. ಕಲಿಸಿದ್ದು ಪುಸ್ತಕಕ್ಕೆಂದೇ ಸೇರಿದ ಸಭೆ. ನನಗೆ ತಡೆಯಲಾಗದಿರುವುದು ಅದು.

ನನ್ನನ್ನು ಬಲ್ಲವರಿಗೆ ಗೊತ್ತು, ಆ ಹದಿನಾಲ್ಕೂ ಸಂಪುಟ ನಮ್ಮ ಮನೆಯ ನಡುಕೋಣೆಯ ಕಪಾಟಿನಲ್ಲಿ, ಬಂದವರ ಕಣ್ಣಿಗೆ ಮೊದಲು ಬೀಳುವ ಜಾಗದಲ್ಲಿವೆ. ಮಳೆಗಾಲ ಮುಗಿಯುವವರೆಗೆ ಅವುಗಳ ಬೆನ್ನಿಗೆ ಬೂಷ್ಟು ಹಿಡಿಯುತ್ತಲೇ ಇರುತ್ತದೆ, ನಾನು ಒರೆಸುತ್ತಲೇ ಇರುತ್ತೇನೆ. ಬಂದವರು ಮೊದಲು ಕೇಳುವುದು, "ಇದನ್ನೆಲ್ಲ ಓದಿದ್ದೀರಾ?" ಎರಡನೆಯದು, "ಮಕ್ಕಳದ್ದಾ?" ಮೂರನೆಯದು ಮಾತಲ್ಲ, ಒಂದು ನೋಟ. ಆ ನೋಟಕ್ಕೆ ನನ್ನಿಂದ ಒಂದು ಕ್ಷಮೆ ಬೇಕು. "ಅದೇನೋ ಹಿಂದಿನಿಂದ ಬಂದ ಚಟ" ಅಂದುಬಿಟ್ಟರೆ ಸಮಾಧಾನವಾಗಿ ಕಾಫಿ ಕುಡಿಯುತ್ತಾರೆ. ನಾನು ಅದನ್ನು ಹೇಳುವುದಿಲ್ಲ. ಹೇಳಲು ಕಾರಣವೇ ಇಲ್ಲ.

ಆ ಪುಸ್ತಕಗಳಲ್ಲಿ ತಪ್ಪಿಲ್ಲ ಎಂದು ಯಾರು ಹೇಳಿದ್ದು? ಅದರ ತಪ್ಪುಗಳ ಪಟ್ಟಿ ಬೇಕಿದ್ದರೆ ನನ್ನ ಹತ್ತಿರ ಬನ್ನಿ. ಮೊದಲ ಸಂಪುಟ ಬಂದದ್ದು 1990ರಲ್ಲಿ, ಹದಿನಾಲ್ಕನೆಯದು 2013ರಲ್ಲಿ. ಬರೆದ ರಾಬರ್ಟ್ ಜೋರ್ಡನ್ 2007ರಲ್ಲೇ ತೀರಿಕೊಂಡರು, ಕೊನೆಯ ಮೂರನ್ನು ಅವರ ಟಿಪ್ಪಣಿಗಳನ್ನಿಟ್ಟುಕೊಂಡು ಬ್ರ್ಯಾಂಡನ್ ಸ್ಯಾಂಡರ್ಸನ್ ಮುಗಿಸಿದರು. ಅಷ್ಟು ದೊಡ್ಡ ಕಟ್ಟಡದಲ್ಲಿ ಸೋರದ ಕೋಣೆ ಹುಡುಕುವುದು ಕಷ್ಟ. ನೈನೀವ್ ಎಂಬ ಹೆಣ್ಣು ಸಿಟ್ಟು ಬಂದಾಗಲೆಲ್ಲ ತನ್ನ ಜಡೆ ಎಳೆದುಕೊಳ್ಳುತ್ತಾಳೆ, ಅವಳಿಗೆ ಸಿಟ್ಟು ಬಾರದ ಅಧ್ಯಾಯವಿಲ್ಲ. ಉಳಿದ ಹೆಂಗಸರು ಲಂಗದ ಸುಕ್ಕು ಸರಿಮಾಡಿಕೊಳ್ಳುತ್ತಾರೆ, ಮೂಗು ಸೊರಗುಟ್ಟಿಸುತ್ತಾರೆ, ಕೈ ಕಟ್ಟಿ ನಿಲ್ಲುತ್ತಾರೆ. ಗಂಡಸರೆಲ್ಲ ಹೆಂಗಸರು ಅರ್ಥವಾಗುವುದಿಲ್ಲ ಅನ್ನುತ್ತಾರೆ, ಹೆಂಗಸರೆಲ್ಲ ಗಂಡಸರ ತಲೆಯಲ್ಲಿ ಉಣ್ಣೆ ತುಂಬಿದೆ ಅನ್ನುತ್ತಾರೆ. ಇದು ಒಂದು ಸಂಪುಟದಲ್ಲಿ ತಮಾಷೆ. ಹದಿನಾಲ್ಕರಲ್ಲಿ ಅಲ್ಲ.

ಇದಕ್ಕಿಂತ ಗಂಭೀರವಾದವೂ ಇವೆ. ಬೆಳೆದ ಹೆಂಗಸರಿಗೆ, ಅಧಿಕಾರದಲ್ಲಿರುವವರಿಗೂ, ಚಿಕ್ಕ ಮಕ್ಕಳಂತೆ ಹೊಡೆದು ಶಿಕ್ಷಿಸುವ ದೃಶ್ಯಗಳು ಮತ್ತೆ ಮತ್ತೆ ಬರುತ್ತವೆ. ನನಗೆ ಅವು ಓದುವಾಗ ಇವತ್ತಿಗೂ ಮೈ ಉರಿಯುತ್ತದೆ. ನಾಯಕ ರಾಂಡ್‌ನನ್ನು ಮೂವರು ಹೆಣ್ಣುಮಕ್ಕಳು ಪ್ರೀತಿಸಿ, ಮೂವರೂ ತಮ್ಮೊಳಗೇ ಒಪ್ಪಂದಕ್ಕೆ ಬರುತ್ತಾರೆ. ಎಲೇನ್, ಮಿನ್, ಅವಿಯೆಂಡಾ ಮೂವರೂ ಒಬ್ಬೊಬ್ಬರಾಗಿ ನೋಡಿದರೆ ತಲೆಯಿರುವ ಹೆಂಗಸರು. ಅಂಥವರನ್ನು ಒಬ್ಬ ಗಂಡಿನ ಸುತ್ತ ಹಾಗೆ ಕೂರಿಸಿದ್ದು ಬರೆದವನ ಆಸೆಯೇ ಹೊರತು ಆ ಪಾತ್ರಗಳದ್ದಲ್ಲ. ಬೇರೆ ಯಾರೇ ಬರೆದಿದ್ದರೂ ಹೀಗೇ ಬಯ್ಯುತ್ತಿದ್ದೆ.

ಕಥೆಯ ನಡಿಗೆಯೂ ಹಾಗೇ. ನಾಯಕನ ಗೆಳೆಯ ಪೆರಿನ್‌ನ ಹೆಂಡತಿಯನ್ನು ಎಂಟನೆಯ ಸಂಪುಟದ ಕೊನೆಗೆ ಹಿಡಿದುಕೊಂಡು ಹೋಗುತ್ತಾರೆ, ಹನ್ನೊಂದರಲ್ಲಿ ಬಿಡಿಸಿಕೊಂಡು ಬರುತ್ತಾನೆ. ಪುಸ್ತಕಗಳು ಬರುತ್ತಿದ್ದ ಕಾಲದಲ್ಲಿ ಕಾದು ಓದಿದವರಿಗೆ ಅದು ವರ್ಷಗಳ ಲೆಕ್ಕ. ಎಲ್ಲಕ್ಕಿಂತ ಹೆಚ್ಚು ಬೈಗುಳ ತಿಂದದ್ದು 2003ರಲ್ಲಿ ಬಂದ ಹತ್ತನೆಯದು. ಒಂಬತ್ತನೆಯದರ ಕೊನೆಯಲ್ಲಿ ಲೋಕವೇ ನಡುಗುವಂಥ ಘಟನೆ ನಡೆಯುತ್ತದೆ: ಗಂಡಸರ ಮಂತ್ರಶಕ್ತಿಗೆ ಮೂರು ಸಾವಿರ ವರ್ಷಗಳಿಂದ ಅಂಟಿದ್ದ ಕೊಳೆಯನ್ನು ತೊಳೆಯುತ್ತಾರೆ. ಹತ್ತನೆಯದರ ಬಹುಪಾಲು ಏನಪ್ಪಾ ಅಂದರೆ, ಬೇರೆ ಬೇರೆ ಊರುಗಳಲ್ಲಿರುವವರು ಅದೇ ಹೊತ್ತಿನಲ್ಲಿ ತಲೆಯೆತ್ತಿ "ದೂರದಲ್ಲಿ ಏನೋ ದೊಡ್ಡದು ನಡೆಯುತ್ತಿದೆ" ಎಂದುಕೊಳ್ಳುವುದು. ಕಸೂತಿಯ ವರ್ಣನೆ, ಚಹಾದ ವರ್ಣನೆ, ಯಾರು ಯಾರ ಪಕ್ಕ ಕೂತರು ಎಂಬ ವಿವರ. ನಾಯಕ ಒಂದಿಷ್ಟು ಮುಖ ತೋರಿಸಿ ಹೋಗುತ್ತಾನೆ, ಅಷ್ಟೇ.

ಇಷ್ಟೆಲ್ಲ ಗೊತ್ತಿದ್ದೂ ಓದುತ್ತೇನೆ. ಗೊತ್ತಿದ್ದೂ ಅನ್ನುವುದಕ್ಕಿಂತ, ಗೊತ್ತಿದ್ದೇ. ಯಾವ ಪುಟದಲ್ಲಿ ಎಡವುತ್ತೇನೆ ಎಂದು ತಿಳಿದು ನಡೆಯುವ ದಾರಿ ಅದು.

ನಮ್ಮ ಅಜ್ಜ ಯಕ್ಷಗಾನದ ಹುಚ್ಚಿನವರು. ಸಂಪಾಜೆ ಕಡೆ ಮೇಳ ಬಂದರೆ ಬೆಳಗಿನವರೆಗೆ ಕೂರುತ್ತಿದ್ದರು. ಬೆಳಿಗ್ಗೆ ಮನೆಗೆ ಬಂದು, ಕರ್ಣ ಎಳೆದದ್ದು ಹೆಚ್ಚಾಯಿತು, ಭಾಗವತರ ಶ್ರುತಿ ಬಿತ್ತು, ಹಾಸ್ಯಗಾರ ತಲೆ ತಿಂದ ಎಂದು ಒಂದೊಂದನ್ನೂ ಬಿಡಿಸಿ ಬಯ್ಯುತ್ತಿದ್ದರು. ಕರ್ಣ ಸಾಯುವ ಹೊತ್ತಿಗೆ ಅತ್ತದ್ದನ್ನೂ ಹೇಳುತ್ತಿದ್ದರು, ಮುಚ್ಚಿಡುತ್ತಿರಲಿಲ್ಲ. ಸಂಜೆಯಾದರೆ ಮತ್ತೆ ಹೊರಟರು. ಅಜ್ಜನನ್ನು ಯಾರೂ "ಟೈಂಪಾಸಾ?" ಎಂದು ಕೇಳಲಿಲ್ಲ. ತಪ್ಪು ಹಿಡಿಯುವುದೂ ಅಳುವುದೂ ಒಂದೇ ಮನುಷ್ಯ ಮಾಡುವ ಕೆಲಸ ಎಂದು ಆ ಕಾಲದ ಪ್ರೇಕ್ಷಕರಿಗೆ ಗೊತ್ತಿತ್ತು. ಅದೇ ಅಜ್ಜನ ಮೊಮ್ಮಕ್ಕಳಿಗೆ ಈಗ ಎರಡರಲ್ಲಿ ಒಂದನ್ನು ಆರಿಸಿಕೋ ಎಂಬ ಒತ್ತಾಯ. ಪುಸ್ತಕ ಶ್ರೇಷ್ಠವಾಗಿದ್ದರೆ ಪ್ರೀತಿಸು, ಅಲ್ಲದಿದ್ದರೆ ಟೈಂಪಾಸ್ ಅನ್ನು.

ಇನ್ನೊಂದು ಪಂಗಡವೂ ಇದೆ, ಅವರ ಮೇಲೂ ನನಗೆ ಅಷ್ಟೇ ಸಿಟ್ಟು. ಅದೇ ಸರಣಿಯ ಕಟ್ಟಾ ಅಭಿಮಾನಿಗಳು. ಹತ್ತನೆಯದು ಎಳೆದಿದೆ ಎಂದು ಬಾಯಿಬಿಟ್ಟರೆ ಸಾಕು, "ನಿಮಗೆ ಅರ್ಥವಾಗಿಲ್ಲ, ಎರಡನೇ ಓದಿನಲ್ಲಿ ತಿಳಿಯುತ್ತದೆ" ಅನ್ನುತ್ತಾರೆ. ಚೆನ್ನಾಗಿಯೇ ಅರ್ಥವಾಗಿದೆ. ಅರ್ಥವಾಗಿಯೇ ಎಳೆದಿದೆ ಅಂದದ್ದು. ವೇದಿಕೆಯ ಹಿರಿಯರು ಪ್ರೀತಿಗೆ ಕ್ಷಮೆ ಕೇಳಿಸುತ್ತಾರೆ, ಇವರು ವಿಮರ್ಶೆಗೆ ಕ್ಷಮೆ ಕೇಳಿಸುತ್ತಾರೆ. ಇಬ್ಬರಿಗೂ ಬೇಕಾಗಿರುವುದು ಒಂದೇ, ಓದುಗ ಅರ್ಧ ಬಾಯಿ ಮುಚ್ಚಿಕೊಳ್ಳಬೇಕು.

ಒಂದು ಆಕ್ಷೇಪಕ್ಕೆ ಮಾತ್ರ ಉತ್ತರ ಕೊಡಬೇಕು, ಯಾಕೆಂದರೆ ಅದನ್ನು ಹೇಳುವವರು ನನಗೆ ಬೇಕಾದವರು. "ಆ ಹದಿನಾಲ್ಕು ದಪ್ಪ ಪುಸ್ತಕಕ್ಕೆ ಸುರಿದ ಹೊತ್ತಿನಲ್ಲಿ ಕನ್ನಡದಲ್ಲಿ ಎಷ್ಟು ಓದಬಹುದಿತ್ತು!" ಕೇಳಲು ಸರಿಯಾಗಿದೆ. ಆದರೆ ಓದುವವರು ಹಾಗೆ ತಕ್ಕಡಿ ಹಿಡಿದು ಓದುವುದಿಲ್ಲ. ಕೊಡಗಿನ ಗೌರಮ್ಮ ಇಪ್ಪತ್ತೇಳಕ್ಕೇ ಹೋಗಿಬಿಟ್ಟರು, 1939ರಲ್ಲಿ. ಅವರು ಬಿಟ್ಟುಹೋದದ್ದು ಕೆಲವೇ ಸಣ್ಣ ಕಥೆಗಳು. ಒಂದೊಂದೂ ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ, ಮನಸ್ಸಿನಿಂದ ಹೋಗುವುದಿಲ್ಲ. ಆ ಕಥೆಗಳಲ್ಲಿ ಒಂದು ಮಾತು ತೆಗೆಯಲಾಗದು. ಜೋರ್ಡನ್ ಸಂಪುಟದಲ್ಲಿ ನೂರು ಪುಟ ಕಿತ್ತರೂ ಗೊತ್ತಾಗದು. ಇಷ್ಟು ಹೇಳಬಲ್ಲೆ ಅಂದರೆ ಎರಡನ್ನೂ ಓದಿದ್ದೇನೆ ಎಂದರ್ಥ. ಒಂದು ಇನ್ನೊಂದರ ಹೊತ್ತನ್ನು ಕದ್ದಿಲ್ಲ. ಹೊತ್ತನ್ನು ಕದಿಯುತ್ತಿರುವುದು ಯಾವುದು ಎಂದು ಈ ಪೋಸ್ಟ್ ಓದುತ್ತಿರುವ ಕೈಯಲ್ಲಿರುವ ಫೋನನ್ನು ಕೇಳಿ.

ಹಾಗಾದರೆ ಅದರಲ್ಲಿ ಎಂತ ಇದೆ? ಆ ಹುಡುಗ ನುಂಗಿಕೊಂಡ ಉತ್ತರವನ್ನು ನಾನಾದರೂ ಕೊಡುತ್ತೇನೆ.

ಆಯೆಸ್ ಸೆಡೈ ಎಂಬ ಮಾಂತ್ರಿಕ ಹೆಂಗಸರ ಒಂದು ಸಂಘ ಇದೆ. ಅವರು ಸುಳ್ಳು ಹೇಳುವುದಿಲ್ಲವೆಂದು ಪ್ರಮಾಣ ಮಾಡಿದವರು, ಆ ಪ್ರಮಾಣ ಅವರನ್ನು ನಿಜಕ್ಕೂ ಕಟ್ಟಿಹಾಕುತ್ತದೆ, ಬಯಸಿದರೂ ಸುಳ್ಳಾಡಲು ನಾಲಗೆ ಏಳದು. ಪರಿಣಾಮ ಏನು? ಅವರನ್ನು ಯಾರೂ ನಂಬುವುದಿಲ್ಲ. ಯಾಕೆಂದರೆ ನಿಜವನ್ನೇ ಹೆಣೆದು ಮೋಸ ಮಾಡುವುದನ್ನು ಅವರು ತಲೆಮಾರುಗಳಿಂದ ಕಲಿತಿದ್ದಾರೆ. ಇದನ್ನು ಓದಿದ ಮೇಲೆ ನಾನು ಸರ್ಕಾರಿ ಪ್ರಕಟಣೆ ಓದುವ ರೀತಿಯೇ ಬದಲಾಯಿತು, ತೋಟದ ವ್ಯಾಪಾರಿಯ ಮಾತು ಕೇಳುವ ರೀತಿ ಬದಲಾಯಿತು. ಏನು ಹೇಳಿದರು ಅನ್ನುವುದಕ್ಕಿಂತ ಯಾವುದನ್ನು ಹೇಳದೆ ಬಿಟ್ಟರು ಎಂದು ಕಿವಿ ಹುಡುಕುತ್ತದೆ.

ಇನ್ನು ಮಳೆ. ಆರನೆಯ ಸಂಪುಟದ ಹೊತ್ತಿಗೆ ಆ ಲೋಕದಲ್ಲಿ ಮುಗಿಯದ ಬೇಸಿಗೆ ಹಿಡಿದಿರುತ್ತದೆ. ಚಳಿ ಬರಬೇಕಾದ ತಿಂಗಳಲ್ಲೂ ಬಿಸಿಲು, ನೆಲವೆಲ್ಲ ಬಿರುಕು. ಅದನ್ನು ಸರಿಮಾಡಬಲ್ಲ ಒಂದು ಬಟ್ಟಲನ್ನು ಹುಡುಕುವುದರಲ್ಲಿ ಏಳನೆಯ ಸಂಪುಟ ಕಳೆಯುತ್ತದೆ. ವಿಮರ್ಶಕರಿಗೆ ಅದು ಬೇಸರ. ಮಾರ್ಚ್‌ನಲ್ಲಿ ಕಾಫಿ ಹೂವು ಅರಳಿಸುವ ಹೂಮಳೆಗೆ ಆಕಾಶ ನೋಡಿ ಕೂತವರಿಗೆ ಬೇಸರವಿಲ್ಲ. ಮೊಗ್ಗು ಸಿದ್ಧವಾಗಿ ನಿಂತಿದೆ, ಮೋಡ ಕಟ್ಟುತ್ತದೆ, ಚದುರುತ್ತದೆ, ನಾಪೋಕ್ಲಿಗೆ ಎಂಬತ್ತು ಸೆಂಟ್ (ಮುಕ್ಕಾಲು ಇಂಚಿಗೂ ಹೆಚ್ಚು) ಮಳೆ ಬಿತ್ತಂತೆ, ನಮಗೆ ಹನಿಯಿಲ್ಲ. ಕೆರೆಯಲ್ಲಿ ಸ್ಪ್ರಿಂಕ್ಲರ್‌ಗೆ ಎಷ್ಟು ದಿನದ ನೀರಿದೆ ಎಂದು ಲೆಕ್ಕ ಹಾಕುತ್ತಾ ಮಲಗಿದ ರಾತ್ರಿಗಳಲ್ಲಿ ನಾನು ಆ ಸಂಪುಟ ಓದಿದ್ದೇನೆ. ಎಂಟನೆಯದರ ಮೊದಲ ಭಾಗದಲ್ಲಿ ಆ ಬಟ್ಟಲಿನಿಂದ ಹವೆ ತಿರುಗುವಾಗ ನನಗಾದದ್ದು ಬರೀ ಓದಿನ ಸಂತೋಷವಲ್ಲ. ಅದಕ್ಕಾಗಿ ಏಳನೆಯದರ ಎಳೆತ ಕ್ಷಮ್ಯವಾಗುತ್ತದೆಯೇ? ಆಗುವುದಿಲ್ಲ. ಅದೂ ಇರಲಿ, ಇದೂ ಇರಲಿ.

ಮತ್ತೆ ಆ ಹತ್ತನೆಯ ಸಂಪುಟ. ಇದನ್ನು ನಾನು ಇಲ್ಲಿಯವರೆಗೆ ಮನೆಯ ಹೊರಗೆ ಯಾರಿಗೂ ಹೇಳಿಲ್ಲ. 2018ರ ಆಗಸ್ಟ್, ಕೊಡಗಿನಲ್ಲಿ ಗುಡ್ಡಗಳು ಕುಸಿದ ಆ ಮಳೆಗಾಲ. ಜೋಡುಪಾಲ, ಮೊಣ್ಣಂಗೇರಿ, ಮಕ್ಕಂದೂರು, ಹಟ್ಟಿಹೊಳೆ. ಹೆಸರು ಬರೆದರೆ ಸಾಕು, ನಮ್ಮವರಿಗೆ ಬೇರೆ ವಿವರ ಬೇಡ. ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ರಸ್ತೆ ಕುಸಿದು ಮುಚ್ಚಿತ್ತು. ನಾವು ಗೋಣಿಕೊಪ್ಪದ ನೆಂಟರ ಮನೆಯಲ್ಲಿದ್ದೆವು. ಕರೆಂಟಿಲ್ಲ, ಫೋನಿಗೆ ಸಿಗ್ನಲ್ ಬಂದರೆ ಬಂತು. ಯಾರ ಮನೆ ಉಳಿಯಿತು, ಯಾರು ಯಾವ ಶಾಲೆಯ ಶಿಬಿರದಲ್ಲಿದ್ದಾರೆ ಎಂಬುದೇ ಹಗಲೆಲ್ಲ ಮಾತು. ರಾತ್ರಿ ಎಲ್ಲರೂ ಮಲಗಿದ ಮೇಲೆ ನಿದ್ದೆ ಹತ್ತದು. ಮಳೆಯ ಸದ್ದು ಸ್ವಲ್ಪ ಜೋರಾದರೂ ಎದ್ದು ಕೂರುವಂತಾಗಿತ್ತು. ಬಟ್ಟೆಯ ಜೊತೆ ಬ್ಯಾಗಿಗೆ ಬಂದಿದ್ದ ಪುಸ್ತಕ ಆ ಹತ್ತನೆಯದು. ಟಾರ್ಚ್ ಬೆಳಕಿನಲ್ಲಿ ಓದಿದೆ. ಹೊರಗೆ ಬೆಟ್ಟಗಳೇ ಜಾಗ ಬಿಟ್ಟು ಜಾರುತ್ತಿದ್ದಾಗ, ಒಳಗೆ ಏನೂ ಅಲುಗಾಡದ ಒಂದು ಪುಸ್ತಕ. ಯಾರೋ ಲಂಗ ಸರಿಮಾಡಿಕೊಂಡರು, ಯಾರೋ ಚಹಾ ಬಸಿದರು, ಯಾರೋ ಯಾರದೋ ಪಕ್ಕ ಕೂತರು. ಮುಂದಿನ ಪುಟದಲ್ಲೂ ಏನೂ ಆಗುವುದಿಲ್ಲ ಎಂಬ ಭರವಸೆ ಇತ್ತು. ಆ ಭರವಸೆಯನ್ನು ಆ ದಿನಗಳಲ್ಲಿ ನನಗೆ ಬೇರೆ ಯಾವುದೂ, ಯಾರೂ ಕೊಡುವ ಸ್ಥಿತಿಯಲ್ಲಿರಲಿಲ್ಲ.

ಅದರಿಂದ ಅದು ಒಳ್ಳೆಯ ಪುಸ್ತಕವಾಗುವುದಿಲ್ಲ. ಇವತ್ತು ಕೇಳಿದರೂ ಇಡೀ ಸರಣಿಯಲ್ಲಿ ಅತ್ಯಂತ ದುರ್ಬಲವಾದದ್ದು ಅದೇ ಅನ್ನುತ್ತೇನೆ. ಆದರೆ ಅದನ್ನು ಟೈಂಪಾಸ್ ಅನ್ನಲು ನನ್ನ ಬಾಯಿ ಬರುವುದಿಲ್ಲ, ಯಾವ ವೇದಿಕೆಯ ಮುಂದೆಯೂ ಬರುವುದಿಲ್ಲ.

ಅಮೆಜಾನ್‌ನಲ್ಲಿ ಬಂದ ಸರಣಿ ನೋಡಿ ಕೆಲವರು ಇನ್‌ಬಾಕ್ಸಿನಲ್ಲಿ ಕೇಳಿದ್ದೀರಿ, ಪುಸ್ತಕ ಎಲ್ಲಿಂದ ಶುರು ಮಾಡಲಿ ಎಂದು. 2021ರಲ್ಲಿ ಶುರುವಾದದ್ದನ್ನು ಮೂರು ಸೀಸನ್ ಆದ ಮೇಲೆ 2025ರಲ್ಲಿ ನಿಲ್ಲಿಸಿಬಿಟ್ಟರು, ಕಥೆ ನಡುವಿನಲ್ಲೇ ನಿಂತಿದೆ, ಆದ್ದರಿಂದ ಪುಸ್ತಕವೇ ಗತಿ. ಮೊದಲನೆಯದರಿಂದಲೇ ಶುರು ಮಾಡಿ. ಹಿಂದಿನ ಕಥೆಯೆಂದು ಆಮೇಲೆ, 2004ರಲ್ಲಿ ಬಂದ ಚಿಕ್ಕ ಪುಸ್ತಕವೊಂದಿದೆ, ಅದನ್ನು ಮೊದಲು ಹಿಡಿಯಬೇಡಿ. ಮೊದಲ ಸಂಪುಟದ ಆರಂಭ ನಿಧಾನ, ಬೇರೆಲ್ಲೋ ಓದಿದ ಹಾಗೂ ಅನ್ನಿಸುತ್ತದೆ. ಕುರಿ ಕಾಯುವ ಹುಡುಗ, ದೂರದ ಹಳ್ಳಿ, ಕತ್ತಲಿನಲ್ಲಿ ಬರುವ ಮೃಗಗಳು. ತಡೆದುಕೊಳ್ಳಿ. ಆ ಹಳ್ಳಿಯವರು ರಾಣಿಯ ಕಂದಾಯದವರ ಮುಖವನ್ನು ತಲೆಮಾರುಗಳಿಂದ ನೋಡದ, ಯಾರ ಮಾತಿಗೂ ಬಗ್ಗದ ಹಟಮಾರಿಗಳು. ನಮ್ಮ ಗುಡ್ಡದವರಿಗೆ ಬೇಗ ಪರಿಚಯವಾಗುತ್ತಾರೆ. ಪಂಜು ಹಿಡಿದು ಬಂದ ಆ ಜನರ ಎದುರು ಒಬ್ಬ ಹೆಂಗಸು ನಿಂತು, ನಿಮ್ಮ ಪೂರ್ವಜರು ಯಾರು ಗೊತ್ತೇ ಎಂದು ಮ್ಯಾನೆಥೆರೆನ್ ಎಂಬ ಅಳಿದ ರಾಜ್ಯದ ಕಥೆ ಹೇಳುತ್ತಾಳೆ. ಕೊನೆಯವನವರೆಗೆ ಹೋರಾಡಿ ಸತ್ತವರ ಕಥೆ. ಅಲ್ಲಿ ಮೈ ಜುಮ್ಮೆನ್ನದಿದ್ದರೆ ಆಶ್ಚರ್ಯ.

ಆಮೇಲೆ ನಾಲ್ಕನೆಯ ಸಂಪುಟದವರೆಗೆ ಬನ್ನಿ, 1992ರದ್ದು. ಅದರ ಇಪ್ಪತ್ತೈದು ಮತ್ತು ಇಪ್ಪತ್ತಾರನೇ ಅಧ್ಯಾಯಗಳು. ಮೊದಲ ಸಂಪುಟ ಪೂರ್ವಜರ ಹೆಮ್ಮೆಯನ್ನು ಕೈಗೆ ಕೊಡುತ್ತದೆ, ಇಲ್ಲಿ ಜೋರ್ಡನ್ ಅದನ್ನೇ ಕಿತ್ತುಕೊಳ್ಳುತ್ತಾರೆ. ಏಯಿಲ್ ಎಂಬ ಮರುಭೂಮಿಯ ಯೋಧ ಜನಾಂಗ. ಭರ್ಜಿಯೇ ಅವರ ಬದುಕು, ಕೊಲ್ಲುವ ಮುಂಚೆ ಮುಖಕ್ಕೆ ಮುಸುಕು ಹಾಕುತ್ತಾರೆ. ಅವರ ನಾಯಕನಾಗಬೇಕಾದವನು ಗಾಜಿನ ಕಂಬಗಳ ನಡುವೆ ನಡೆಯಬೇಕು. ಒಂದೊಂದು ಹೆಜ್ಜೆಗೂ ಒಬ್ಬೊಬ್ಬ ಪೂರ್ವಜನ ಕಣ್ಣಿನಲ್ಲಿ, ಹಿಂದಕ್ಕೆ, ಇನ್ನೂ ಹಿಂದಕ್ಕೆ ಹೋಗುತ್ತಾನೆ. ಹೋದಂತೆ ತಿಳಿಯುತ್ತದೆ, ಈ ಯೋಧರ ಮೂಲದವರು ಎಂದೂ ಆಯುಧ ಹಿಡಿಯುವುದಿಲ್ಲವೆಂದು ಪ್ರತಿಜ್ಞೆ ಮಾಡಿದ್ದವರು. ಅಪಹರಿಸಿದ ಹುಡುಗಿಯರನ್ನು ಬಿಡಿಸಲು ಹೋದ ಕೆಲವು ಹುಡುಗರು ಮೊದಲ ಬಾರಿ ಕೊಂದು ಮನೆಗೆ ಮರಳಿದಾಗ, ಹೆತ್ತ ತಾಯಿಯೇ ಮಗನಿಗೆ ಮುಖ ಮುಚ್ಚಿಕೋ ಅನ್ನುತ್ತಾಳೆ, ಕೊಂದವನ ಮೇಲೆ ತನ್ನ ಮಗನ ಮುಖ ನೋಡಲಾರೆ ಎಂದು. ಇಡೀ ಜನಾಂಗ ಹೆಮ್ಮೆಯಿಂದ ಹಾಕಿಕೊಳ್ಳುವ ಮುಸುಕು ಶುರುವಾದದ್ದು ಅಲ್ಲಿ. ಕಂಬಗಳ ನಡುವೆ ಹೋದವರಲ್ಲಿ ಅನೇಕರು ಈ ಸತ್ಯ ತಾಳಲಾರದೆ ಮರಳುವುದೇ ಇಲ್ಲ.

ಇದನ್ನು ಬರೆದವರು ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನಿಂದ ಗುಂಡು ಹಾರಿಸುತ್ತಿದ್ದ ಸೈನಿಕ. ಆ ಪುಟಗಳ ಭಾರ ಎಲ್ಲಿಂದ ಬಂತು ಎಂದು ನಾನು ಊಹಿಸಬಲ್ಲೆ.

ನಾವು ನಮ್ಮ ಹಿರಿಯರ ಬಗ್ಗೆ ಹೇಳಿಕೊಳ್ಳುವುದೆಲ್ಲ ಕತ್ತಿಯ, ಕೋವಿಯ, ಹುಲಿ ಕೊಂದವನಿಗೆ ಮಾಡುವ ನರಿಮಂಗಲದ ಕಥೆ. 1837ರಲ್ಲಿ ಬ್ರಿಟಿಷರ ವಿರುದ್ಧ ದಂಗೆ ಎದ್ದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದ್ದನ್ನು ಕೇಳುತ್ತಲೇ ಬೆಳೆದವಳು ನಾನು, ಆ ಹೆಮ್ಮೆ ನನಗಿದೆ, ಇರುತ್ತದೆ. ಆದರೆ ಕುಟುಂಬದ ಮೂಲಮನೆಯಾದ ಐನ್‌ಮನೆಯ ದೀಪದ ಮುಂದೆ ಕೈಮುಗಿದು ನಿಂತಾಗ ಈಗ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಯೋಧರಾಗುವ ಮೊದಲು ಇವರು ಏನಾಗಿದ್ದರು? ಮೊದಲು ಕತ್ತಿ ಹಿಡಿದವನ ತಾಯಿ ಅವನಿಗೆ ಏನಂದಳು? ಈ ಪ್ರಶ್ನೆಯನ್ನು ನನಗೆ ಕೊಟ್ಟದ್ದು ಯಾವ ಇತಿಹಾಸದ ಪುಸ್ತಕವೂ ಅಲ್ಲ, ಜಡೆ ಎಳೆಯುವ ಹೆಂಗಸರಿರುವ ಈ ಸರಣಿ.

ಮೂರನೆಯ ಸೀಸನ್‌ನಲ್ಲಿ ಈ ಭಾಗವನ್ನು ಚೆನ್ನಾಗಿಯೇ ತೆಗೆದಿದ್ದಾರೆ. ಆದರೂ ಪುಸ್ತಕದಲ್ಲಿ ಓದಿ. ಆ ಎರಡು ಅಧ್ಯಾಯ ಆದ ಮೇಲೂ ಬೇಡ ಅನ್ನಿಸಿದರೆ ಅಲ್ಲಿಗೇ ಬಿಟ್ಟುಬಿಡಿ, ನನ್ನ ಒತ್ತಾಯವಿಲ್ಲ. ಹಿಡಿಸಿದರೆ ಮುಂದಿನ ಹತ್ತನ್ನೂ ಓದಿ, ಸಿಟ್ಟು ಬಂದಲ್ಲೆಲ್ಲ ಪುಟದ ಅಂಚಿನಲ್ಲಿ ಬರೆಯಿರಿ. ನನ್ನ ಪ್ರತಿಗಳನ್ನು ಕೊಡುತ್ತೇನೆ, ಅಂಚಿನಲ್ಲಿ ನಾನು ಬರೆದದ್ದರ ಪಕ್ಕ ಇನ್ನೂ ಜಾಗವಿದೆ.